ಟೆಸ್ಟ್ ಎಂಬ ಹೆಸರಿನ ಕಣ್ಣು

"ಇನ್ನೊಂಚೂರು ಎತ್ತು," ಎಂದಳು ತಂಗಿ.

ಮರಿ ಎತ್ತಿದಳು. ಬಲಗಿವಿಯ ಮೇಲಿನ ಬ್ಯಾಂಡೇಜಿಗೆ ಬೆರಳು ತಾಗದಂತೆ ಹಿಂದಲೆಗೆ ಅಂಗೈ ಕೊಟ್ಟು ಹಿಡಿದಳು. ತಂಗಿ ಹಳೆಯ ದಿಂಬನ್ನು ಎಳೆದುಕೊಂಡು, ಬೆಳಿಗ್ಗೆಯಷ್ಟೇ ಗವಸು ಹೊಲಿದ ಇನ್ನೊಂದನ್ನು ಒಳಗೆ ತಳ್ಳಿದಳು. ಗವಸಿನ ಮೂಲೆಯಲ್ಲಿ ನೂಲು ಉಳಿದಿತ್ತು. ಬಗ್ಗಿ ಹಲ್ಲಿನಿಂದ ಕಡಿದಳು.

"ಸಾಕು, ಬಿಡು."

ಮಂಚದ ಮೇಲಿದ್ದವಳು ಕಣ್ಣಾಸ್ಪತ್ರೆಯ ಸ್ಕ್ಯಾನ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಹೆಂಗಸು. ಬಂದವರಿಗೆಲ್ಲ "ರೆಪ್ಪೆ ಬಡೀಬೇಡಿ" ಎಂದು ಹೇಳಿ ಹೇಳಿ ರೆಪ್ಪೆಯಕ್ಕ ಎಂದೇ ಹೆಸರಾಗಿದ್ದಳು. ವಯಸ್ಸು ಐವತ್ತೆಂಟು. ತಲೆಯೊಳಗೆ ಎರಡು ಕಣ್ಣಿನ ನರಗಳು ಕೂಡುವ ಜಾಗದಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದ ಐದನೇ ದಿನ, ನಿನ್ನೆ ಮಧ್ಯಾಹ್ನ, ತೀರಿಕೊಂಡಿದ್ದಳು. ಮದುವೆಯಾಗಿರಲಿಲ್ಲ. ಶಾಲೆಗಳ ಸಮವಸ್ತ್ರ ಹೊಲಿಯುವ ತಂಗಿಯೊಂದಿಗೆ ಈ ಮನೆಯಲ್ಲಿದ್ದಳು. ಮರಿ ಎಂಟು ವರ್ಷದಿಂದ ಅವಳ ಕೈಕೆಳಗಿದ್ದವಳು. ನಲವತ್ತೊಂದು ವರ್ಷದ, ಬೆಳೆದ ಮಗಳ ತಾಯಿಯನ್ನು ಇಡೀ ಆಸ್ಪತ್ರೆ ಮರಿ ಎಂದು ಕರೆಯುವಂತೆ ಮಾಡಿದ್ದೂ ರೆಪ್ಪೆಯಕ್ಕನೇ.

ಹೊರಗೆ ಕುರ್ಚಿಗಳಲ್ಲಿ ಆಸ್ಪತ್ರೆಯವರು ಕೂತಿದ್ದರು. ರೋಗಿಗಳಿಗೆ ಚೀಟಿ ಬರೆಯುವವಳ ದನಿ ಕಿಟಕಿಯಿಂದ ಕೇಳುತ್ತಿತ್ತು.

"ನಮ್ಮ ಯಜಮಾನ್ರು ಒಂದ್ಸಲ ಸ್ಕ್ಯಾನಿಗೆ ಬಂದಿದ್ರು. ಅಲ್ಲಾಡದೆ ಕೂತಿದ್ದು ನೋಡಿ, ಏನ್ರೀ, ಮನೇಲೂ ಹೀಗೇ ಹೇಳಿದ ಮಾತು ಕೇಳ್ತೀರಾ ಅಂದ್ಳು. ಇವ್ರಿಗೆ ನಗು ತಡೀಲಿಲ್ಲ, ಫೋಟೋ ಹೋಯ್ತು. ಅದಕ್ಕೂ ಇವ್ರಿಗೇ ಬೈದ್ಳು."

"ಮೇಲೆ ಹೋದ್ಮೇಲೂ ಸುಮ್ನಿರೋಳಲ್ಲ ಬಿಡಿ," ಎಂದಳು ಆಯಾ. "ದೇವ್ರನ್ನೇ ಸ್ಟೂಲ್ ಮೇಲೆ ಕೂರಿಸಿ, ಗದ್ದ ಇಡಿ, ಹಣೆ ಒತ್ತಿ ಅಂತಾಳೆ."

ಇಬ್ಬರೂ ನಕ್ಕು, ಒಳಗೆ ಕೇಳಿಸಿತೇನೋ ಎಂದು ದನಿ ತಗ್ಗಿಸಿದರು.

ದೊಡ್ಡ ಡಾಕ್ಟರು ಒಳಗೆ ಬಂದು ಮಂಚದ ಬಳಿ ಸ್ವಲ್ಪ ಹೊತ್ತು ನಿಂತರು. ನಂತರ ತಂಗಿಯ ಕಡೆ ತಿರುಗಿದರು. "ತಡವಾಯ್ತಮ್ಮ. ಮೂರು ವರ್ಷ ಮುಂಚೆ ಸಿಕ್ಕಿದ್ರೆ ಬಟಾಣಿಯಷ್ಟಿರ್ತಿತ್ತು."

"ಸಿಗೋಕೆ ದಾರಿ ಇತ್ತಾ ಡಾಕ್ಟ್ರೇ?"

"ಕಣ್ಣಿನ ಸ್ಕ್ಯಾನಲ್ಲಿ ಎಷ್ಟೋ ಸಲ ಮೊದಲೇ ಸಿಗುತ್ತೆ. ನರ ಒತ್ತಿಹೋದ್ರೆ ಕಣ್ಣಿನ ಹಿಂಭಾಗದ ಪದರ ತೆಳ್ಳಗಾಗ್ತಾ ಬರುತ್ತೆ. ಆದ್ರೆ ಅವರು ಯಾವತ್ತೂ ಪೇಷಂಟಾಗಿ ಬರಲೇ ಇಲ್ವಲ್ಲ. ಯಾರಿಗೆ ಗೊತ್ತಾಗ್ಬೇಕು?"

"ನನಗೆ ಗೊತ್ತಾಗ್ಬೇಕಿತ್ತು. ಮನೇಲಿದ್ದವಳು ನಾನು." ತಂಗಿ ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು. "ಪಕ್ಕದಲ್ಲಿಟ್ಟ ಲೋಟ ಕಾಣ್ತಿರ್ಲಿಲ್ಲ, ಕೈ ತಾಗಿಸಿ ಬೀಳಿಸೋಳು. ಕಣ್ಣನ್ನೇನು ಆಸ್ಪತ್ರೇಲೇ ಬಿಟ್ಟು ಬಂದ್ಯಾ ಅಂತ ಬೈತಿದ್ದೆ. ಅವಳು ಟೀ ಒರೆಸೋಳು, ನಾನು ಬೈಯೋಳು."

"ನಿಮ್ಮ ತಪ್ಪೇನೂ ಇಲ್ಲಮ್ಮ," ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತು. ಅವರು ಹೊರಗೆ ಹೋದರು.

ಮರಿ ಮಂಚದ ಕಾಲ ಬಳಿ ನಿಂತೇ ಇದ್ದಳು.

*

ಎಂಟು ವರ್ಷದ ಹಿಂದೆ ಹೊಸ ಯಂತ್ರ ಬಂದಾಗ, ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಯಾರದಾದರೂ ಕಣ್ಣಿಟ್ಟು ಒಂದು ಚಿತ್ರ ತೆಗೆದು ನೋಡಬೇಕು ಎಂದಿದ್ದರು. ರೆಪ್ಪೆಯಕ್ಕ ತನ್ನ ಬಲಗಣ್ಣು ಕೊಟ್ಟಳು. ಯಂತ್ರ ಹೆಸರು ಕೇಳಿತು. ಹುಟ್ಟಿದ ದಿನ ಕೇಳಿತು.

"ಹೆಸರು ಟೆಸ್ಟ್. ಹುಟ್ಟಿದ್ದು ಇವತ್ತೇ. ಬರಿ," ಎಂದಳು. ಮರಿ ನಗುತ್ತ ಬರೆದಳು.

ಆಮೇಲೆ ದಿನವೂ ಅದೇ. ರೆಪ್ಪೆಯಕ್ಕ ಗದ್ದ ಇಡುವಳು, ಮರಿ ಗುಂಡಿ ಒತ್ತುವಳು.

"ನಂಬರೆಷ್ಟು?"

"ಒಂಬತ್ತು."

"ಹಾಗಾದ್ರೆ ಬಾಗಿಲು ತೆಗಿ."

ಆ ನಂಬರು ಚಿತ್ರ ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಹೇಳುತ್ತಿತ್ತೇ ಹೊರತು ಕಣ್ಣಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಕಣ್ಣಿನ ಮಾತು ಹೇಳುವುದು ಬಣ್ಣ. ಯಂತ್ರ ಪದರದ ದಪ್ಪವನ್ನು ಅದೇ ವಯಸ್ಸಿನ ಆರೋಗ್ಯವಂತರ ಕಣ್ಣಿಗೆ ಹೋಲಿಸಿ ಹಸಿರು, ಹಳದಿ, ಕೆಂಪು ತುಂಬುತ್ತಿತ್ತು. ತಲೆಯಲ್ಲಿ ಗಡ್ಡೆಯಿದ್ದವರ ಕಣ್ಣಿನಲ್ಲಿ ಮೂಗಿನ ಕಡೆಯ ಅರ್ಧ ಕೆಂಪಾಗುವುದನ್ನು ಮರಿ ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದಳು. ಇಬ್ಬರು ಮೂವರನ್ನು ಹಾಗೆ ಸಮಯಕ್ಕೆ ಸರಿಯಾಗಿ ಕಳಿಸಿಯೂ ಇದ್ದಳು. ಆದರೆ ಯಂತ್ರದ ಲೆಕ್ಕದಲ್ಲಿ ಟೆಸ್ಟ್ ಇನ್ನೂ ಚಿಕ್ಕ ಮಗು. ಮಕ್ಕಳಿಗೆ ಹೋಲಿಸಲು ಅದರ ಬಳಿ ಅಳತೆಯಿರಲಿಲ್ಲ. ಟೆಸ್ಟ್‌ನ ಪುಟ ಯಾವಾಗಲೂ ಬೂದು.

ಎರಡು ತಿಂಗಳ ಹಿಂದೆ ರೆಪ್ಪೆಯಕ್ಕ ಕಾರಿಡಾರಿನಲ್ಲಿ ಪಕ್ಕದಿಂದ ಬಂದ ಗಾಲಿಕುರ್ಚಿ ಕಾಣದೆ ಎಡವಿ ಬಿದ್ದಳು. ತಲೆಯ ಸ್ಕ್ಯಾನ್ ಆಯಿತು, ಗಡ್ಡೆ ಕಂಡಿತು. ಆ ಸಂಜೆ ಮರಿ ಒಬ್ಬಳೇ ಕೂತು ಟೆಸ್ಟ್‌ನ ಕಡತ ತೆಗೆದಳು. ಎರಡು ಸಾವಿರಕ್ಕೂ ಹೆಚ್ಚು ಬೆಳಗುಗಳು. ಹುಟ್ಟಿದ ದಿನವನ್ನು ಅಳಿಸಿ ರೆಪ್ಪೆಯಕ್ಕನ ನಿಜವಾದ ವರ್ಷ ಬರೆದಳು. ಬೂದು ಪುಟಗಳಿಗೆ ಬಣ್ಣ ಬಂತು. ಐದು ವರ್ಷ ಹಸಿರು. ಆಮೇಲೆ ಮೂಗಿನ ಕಡೆ ಹಳದಿ. ಕಳೆದ ಎರಡು ವರ್ಷ ಕೆಂಪು.

ಮೊದಲಿದ್ದ ದಿನಾಂಕವನ್ನೇ ಮತ್ತೆ ಬರೆದು ಯಂತ್ರ ಆರಿಸಿದಳು.

*

ಆಪರೇಷನ್ನಿನ ಹಿಂದಿನ ಸಂಜೆ ರೆಪ್ಪೆಯಕ್ಕನ ತಲೆಯ ಒಂದು ಭಾಗ ಬೋಳಿಸಿದ್ದರು.

"ಈ ಕಡೆಯಿಂದ ಸನ್ಯಾಸಿನಿ, ಆ ಕಡೆಯಿಂದ ಮದುಮಗಳು. ನೀನು ಯಾವ ಕಡೆ ಕೂತ್ಕೋತೀಯೋ ಕೂತ್ಕೋ."

ಮರಿ ಕೂತಳು. ತಂಗಿ ಔಷಧಿ ತರಲು ಕೆಳಗೆ ಹೋಗಿದ್ದಳು.

"ಟೆಸ್ಟ್ ತೆಗೆದು ನೋಡಿದ್ಯಾ?"

ಮರಿ ಹೌದೆಂದು ತಲೆಯಾಡಿಸಿದಳು.

"ನಾನೂ ನೋಡ್ದೆ. ನೀನು ಊಟಕ್ಕೆ ಹೋದಾಗ."

"ಅಕ್ಕ, ದಿನಾ ತೆಗೆದವಳು ನಾನು."

"ಮುಂದೆ ಕೂತಿದ್ದವಳು ಯಾರು, ನಿಮ್ಮಜ್ಜಿಯಾ? ಒಂದಿನ ನಾನು ಎದ್ದು ಬಂದು ಈ ಕಡೆಯಿಂದ ನೋಡಿದ್ನಾ? ಊರವರ ಕಣ್ಣು ನೋಡಿದ್ದೇ ನೋಡಿದ್ದು." ಅವಳು ಹೊದಿಕೆ ಎಳೆದುಕೊಂಡಳು. "ಅದನ್ನ ಅಳಿಸಿಬಿಡು. ಇನ್ಮೇಲೆ ನಿನ್ನ ಕಣ್ಣಿಡು, ಸರಿಯಾದ ವಯಸ್ಸು ಹಾಕು, ನಾಚ್ಕೋಬೇಡ. ತಂಗಿಗೆ ಮಾತ್ರ ಹೇಳ್ಬೇಡ ಕಣೇ. ನನಗೇನಾದ್ರೂ ಆದ್ರೆ ಅವಳಿಗೆ ಅಂತ ಇರೋದು ನೀನೊಬ್ಳೇ. ಅವಳು ಸಿಟ್ಟು ಮಾಡ್ಕೊಂಡ್ರೆ ಬಿಡೋಳಲ್ಲ."

ತಂಗಿಯ ಹೆಜ್ಜೆ ಕೇಳಿಸಿತು. ರೆಪ್ಪೆಯಕ್ಕ ಗೋಡೆಯ ಬಣ್ಣದ ಬಗ್ಗೆ ಮಾತೆತ್ತಿದಳು.

*

"ಚಿಕ್ಕಕ್ಕ," ಎಂದಳು ಮರಿ, ಡಾಕ್ಟರು ಹೊರಗೆ ಹೋದ ಮೇಲೆ. "ತಪ್ಪು ನಿಮ್ದಲ್ಲ."

"ಬಿಡೇ. ಎಲ್ಲರೂ ಅದೇ ಹೇಳ್ತಾರೆ."

"ಎಲ್ಲರ ಹಾಗೆ ಹೇಳ್ತಿಲ್ಲ." ಮರಿ ನಿಂತಲ್ಲೇ ಹೇಳಿದಳು. ದಿನವೂ ತೆಗೆದ ಚಿತ್ರ, ತಪ್ಪು ದಿನಾಂಕ, ಬೂದು ಪುಟ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ತಂಗಿ ಅಕ್ಕನ ಕಾಲ ಮೇಲಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಒತ್ತಿ ತೆಗೆಯುತ್ತಿದ್ದಳು.

"ಮೂರು ವರ್ಷ?"

"ಹ್ಞೂಂ."

"ದಿನಾ?"

"ರಜೆ ಬಿಟ್ಟು."

"ನಿನಗೆ ಅದನ್ನ ಓದೋಕೆ ಬರುತ್ತೆ."

"ಬರುತ್ತೆ. ಅಕ್ಕನೇ ಕಲಿಸಿದ್ದು."

"ಅವಳಿಗೆ ಗೊತ್ತಾಯ್ತಾ?"

"ಕೊನೆಗೆ. ನಿಮಗೆ ಹೇಳ್ಬೇಡ ಅಂದಿದ್ರು."

"ಮತ್ಯಾಕೆ ಹೇಳ್ದೆ?"

"ನೀವು ಎಲ್ಲಾ ನಿಮ್ಮ ಮೇಲೇ ಹಾಕ್ಕೊಳ್ತಿದ್ರಲ್ಲ."

ತಂಗಿಯ ಕೈ ನಿಂತಿತು. ಸುಕ್ಕು ಹೋಗಿತ್ತು. ಆದರೂ ಇನ್ನೊಮ್ಮೆ ಒತ್ತಿದಳು.

ಹನ್ನೊಂದಕ್ಕೆ ಗಾಡಿ ಬಂತು. ನಾಲ್ವರು ಸೇರಿ ರೆಪ್ಪೆಯಕ್ಕನನ್ನು ಒಳಗಿಟ್ಟರು. ಜೊತೆಗೆ ಮೂರು ಜನ ಕೂರಬಹುದು, ಉಳಿದವರು ಆಸ್ಪತ್ರೆಯ ವ್ಯಾನಿನಲ್ಲಿ ಬರಲಿ ಎಂದ ಡ್ರೈವರು. ತಂಗಿ ಹತ್ತಿದಳು. ಆಯಾ ಹತ್ತಿದಳು. ಮರಿ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಅವಳು ಬರಲ್ಲ," ಎಂದಳು ತಂಗಿ ಡ್ರೈವರಿಗೆ.

ಚೀಟಿ ಬರೆಯುವವಳಿಗೆ ತಡೆಯಲಾಗಲಿಲ್ಲ. "ಅಯ್ಯೋ, ಮರಿ ಬರ್ದೆ ಇನ್ಯಾರು ಬರ್ತಾರೆ?"

"ಮನೇಲಿ ಯಾರಾದ್ರೂ ಇರ್ಬೇಕಲ್ಲ."

ತಂಗಿ ಕೈಚೀಲದಿಂದ ಬೀಗದ ಕೈ ತೆಗೆದು ಚಾಚಿದಳು. ಅವಳ ಕಣ್ಣು ಎದುರಿನ ಸೀಟಿನ ಮೇಲಿತ್ತು. ಮರಿ ಕಾಲು ಕೆಳಗಿಟ್ಟು ಬೀಗದ ಕೈ ತೆಗೆದುಕೊಂಡಳು. ಅವಳ ಜಾಗದಲ್ಲಿ ಚೀಟಿ ಬರೆಯುವವಳು ಕೂತಳು. ಗಾಡಿಯೂ ಅದರ ಹಿಂದೆ ವ್ಯಾನೂ ತಿರುವಿನಲ್ಲಿ ಮರೆಯಾದವು.

ಮರಿ ಒಳಗೆ ಬಂದು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿಟ್ಟಳು. ಟೀ ಕುಡಿದ ಲೋಟಗಳು ಕಿಟಕಿಯ ಕಟ್ಟೆಯ ಮೇಲಿದ್ದವು. ಏಳನ್ನೂ ಎರಡು ಕೈಯಲ್ಲಿ ಒಟ್ಟುಮಾಡಿಕೊಂಡು, ಅಡುಗೆಮನೆಯ ಪರದೆಯನ್ನು ಮೊಣಕೈಯಿಂದ ಸರಿಸಿದಳು. ಇಷ್ಟು ವರ್ಷ ಬಂದಾಗೆಲ್ಲ ಪರದೆಯ ಈಚೆಗೇ ಕೂತು ಹೋದವಳು.

ಬಾಗಿಲಿನ ಎರಡೂ ಕಡೆಯ ಚೌಕಟ್ಟಿಗೆ, ರೆಪ್ಪೆಯಕ್ಕನ ಭುಜದ ಎತ್ತರದಲ್ಲಿ, ಒಂದೊಂದು ಮೊಳ ಉದ್ದದ ಬಟ್ಟೆಯ ಮೆತ್ತೆಯನ್ನು ಸಣ್ಣ ಮೊಳೆ ಹೊಡೆದು ಕೂರಿಸಲಾಗಿತ್ತು. ಒಳಗೆ ಹತ್ತಿ. ಅಂಚಿನ ಹೊಲಿಗೆ ಅಂಗಡಿಯ ಕೆಲಸದಷ್ಟು ನೇರ. ಮೇಲ್ತುದಿಯಲ್ಲಿ ಬಟ್ಟೆಗಳು ಒಂದರ ಮೇಲೊಂದು ಕಾಣುತ್ತಿದ್ದವು. ಹೊರಗಿನದು ದಪ್ಪ ಪರದೆ ಬಟ್ಟೆ, ಅದರಡಿ ಕಂದು, ಎಲ್ಲಕ್ಕಿಂತ ಒಳಗೆ, ಮೊದಲು ಹೊದಿಸಿದ್ದು, ಗಾಢ ನೀಲಿ. ಮರಿಯ ಮಗಳ ಶಾಲೆಗೆ ತಂಗಿ ಹೊಲಿಯುತ್ತಿದ್ದ ಸಮವಸ್ತ್ರದ ನೀಲಿ ಅದು. ಶಾಲೆ ಆ ಬಣ್ಣ ಬಿಟ್ಟು ಕಂದು ತಂದು ಮೂರು ವರ್ಷವಾಗಿತ್ತು.

ಅವಳು ಲೋಟಗಳನ್ನು ಎದೆಗೆ ಒತ್ತಿಕೊಂಡು, ಭುಜ ಎರಡೂ ಕಡೆ ತಗುಲದಂತೆ ಓರೆಯಾಗಿ ಬಾಗಿಲು ದಾಟಿದಳು.