ದೇವರ ಮನೆಯ ಸ್ವಿಚ್ಚು

ಐವತ್ತೆಂಟನೇ ಇಸವಿ, ಗಜೇಂದ್ರಗಡಕ್ಕೆ ಕರೆಂಟು ಬಂದ ಹೊಸತು. ಕಿರಾಣಿ ವ್ಯಾಪಾರಿ ತೋಟಪ್ಪ ಮನೆಯ ಪಡಸಾಲೆಯಲ್ಲೇ ಜೋಳ ಬೀಸುವ ಗಿರಣಿ ಹೂಡಿದ. ಅದರ ಸ್ವಿಚ್ಚು ಒಂದು ಕಬ್ಬಿಣದ ಪೆಟ್ಟಿಗೆ. ಪಕ್ಕದ ಹಿಡಿಕೆ ಮೇಲೆತ್ತಿದರೆ ಗಿರಣಿ ತಿರುಗುತ್ತಿತ್ತು, ಕೆಳಗೆಳೆದರೆ ನಿಲ್ಲುತ್ತಿತ್ತು. ತಂತಿ ಜೋಡಿಸಲು ಬಂದ ಹನುಮಪ್ಪ ಅದನ್ನು ಗಿರಣಿಯ ಮಗ್ಗುಲಿನ ಗೋಡೆಗೇ ಬಡಿಯಲು ಹೊರಟಿದ್ದ. ತೋಟಪ್ಪನ ಹೆಂಡತಿ ಸಿದ್ದವ್ವ ಬಿಟ್ಟಾಳೆಯೇ?

"ಬೆಂಕಿ ಹುಟ್ಟೋ ಜಾಗಾ ಅದು. ಕಂಡಕಂಡವರು ಮುಟ್ಟಬಾರದು. ದೇವರ ಮನ್ಯಾಗ ಹಚ್ಚಪಾ."

ದಿನಾ ಬೆಳಿಗ್ಗೆ ಹಿಡಿಕೆಗೆ ವಿಭೂತಿ, ಕುಂಕುಮ, ಮೇಲೊಂದು ಹೂವು. ಆರತಿ ಬೆಳಗಿಯೇ ಗಿರಣಿ ಸುರು. ಓಣಿಯ ಹೆಂಗಸರು ನಕ್ಕರೆ ತಾನೂ ನಗುತ್ತಿದ್ದಳು, ಜಾಗ ಮಾತ್ರ ಬದಲಿಸಲಿಲ್ಲ. ಹಾಳು ಹಟ.

ಅವತ್ತು ಮಧ್ಯಾಹ್ನ ಬೀಸಿಸಲು ಬಂದವರೆಲ್ಲ ಹೋಗಿದ್ದರು. ಸೊಸೆ ಕಲ್ಲವ್ವ ಮುಟ್ಟಾಗಿ ಪಡಸಾಲೆಯ ಮೂಲೆಯಲ್ಲಿ ಬೇರೆ ಕೂತಿದ್ದಳು. ಮನೆಯ ಜೋಳ ಸುರಿಯಲು ಬಾಗಿದ ಸಿದ್ದವ್ವನ ತಲೆ ಮೇಲಿನ ಸೆರಗು ಜಾರಿ, ಗಿರಣಿ ತಿರುಗಿಸುವ ಬೆಲ್ಟಿನ ಪಟ್ಟಾಕ್ಕೆ ಸಿಕ್ಕಿತು.

ಕಲ್ಲವ್ವ ಚೀರುತ್ತ ದೇವರ ಮನೆಗೆ ಓಡಿದಳು. ಇನ್ನೇನು ಹೊಸ್ತಿಲು ದಾಟಬೇಕು, ಹಿಂದಿನಿಂದ ಅತ್ತೆಯ ದನಿ ಕೇಳಿತು.

"ಒಳಗ ಹೋಗಬ್ಯಾಡ! ಸೀರಿ ಹರದರ ಹರೀಲಿ. ನಿಮ್ಮ ಮಾವನ್ನ ಕರಿ, ಲಗೂ!"

ಅತ್ತೆಯ ಮಾತು ಮೀರಿ ಗೊತ್ತಿಲ್ಲದ ಹುಡುಗಿ ಅಂಗಡಿಗೆ ಓಡಿದಳು. ತೋಟಪ್ಪ ಎದ್ದು ಬಿದ್ದು ಬಂದ. ಆ ಗಡಿಬಿಡಿಯಲ್ಲೂ ದೇವರ ಮನೆಯ ಮುಂದೆ ಚಪ್ಪಲಿ ಕಳೆದಿಟ್ಟು, ಒಳಗೆ ಹೋಗಿ ಹಿಡಿಕೆ ಎಳೆದ. ಗಿರಣಿ ನಿಂತಿತು. ಸೀರೆ ಹರಿದಿರಲಿಲ್ಲ. ಇಳಕಲ್ಲಿನ ಗಟ್ಟಿ ನೇಯ್ಗೆ, ಸಿದ್ದವ್ವನ ಕುತ್ತಿಗೆಯನ್ನೇ ಬಿಗಿದುಬಿಟ್ಟಿತ್ತು.

ಮಣ್ಣು ಮಾಡಿ ಬಂದ ಸಂಜೆ ತೋಟಪ್ಪ ಸೊಸೆಯ ಮುಂದೆ ಕುಸಿದು ಕೂತ. ಸಿಟ್ಟಿತ್ತು, ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು.

"ಹೊಸ್ತಿಲಾ ದಾಟಿದ್ರ ಏನಾಗತಿತ್ತವಾ? ದೇವರು ಬ್ಯಾಡ ಅಂತಿದ್ದನ? ನೀ ಒಳಗ ಹೋಗಿದ್ರ ಆಕಿ ಉಳೀತಿದ್ಲು."

ಅತ್ತೆಯ ಮಾತು ಕಲ್ಲವ್ವನ ಬಾಯಿತನಕ ಬಂತು. ಹೇಳಿಬಿಟ್ಟಿದ್ದರೆ ತನ್ನ ಮೇಲಿನ ದೂರು ಅಲ್ಲಿಗೇ ತೀರುತ್ತಿತ್ತು. ಆದರೆ ಅಳುತ್ತ ಕೂತ ಮನುಷ್ಯನಿಗೆ, ನಿಮ್ಮ ಹೆಂಡತಿ ತನ್ನ ಮಾತಿನಿಂದ ತಾನೇ ಸತ್ತಳು ಎಂದು ಯಾವ ಬಾಯಿಂದ ಹೇಳುವುದು?

"ನನಗ ಅಂಜಿಕಿ ಬಂತ್ರಿ, ಮಾವಾರ," ಅಂದಳು.

ತೋಟಪ್ಪ ನಂಬಿದ. ತಾನು ಸಾಯುವ ತನಕ ಆಕೆ ಬಡಿದ ರೊಟ್ಟಿ ಮುಟ್ಟಲಿಲ್ಲ.