ತಳದ ಗೀರುಗಳು

ನನಗೆ ಹಳೇ ಗಾಜಿನ ಹುಚ್ಚು. ಹುಚ್ಚು ಎಂದದ್ದು ಅತ್ತಿಗೆ, ನಾನು ಅಲ್ಲಗಳೆಯುವುದಿಲ್ಲ. ಹೊಲಿಗೆ ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಹಳೇ ಸಾಮಾನಿನ ಅಂಗಡಿಯೊಂದಿದೆ. ಕಾಲು ಮುರಿದ ಕುರ್ಚಿ, ಹಿಡಿ ಹೋದ ಕಪ್ಪುಗಳ ನಡುವೆ ಕೈ ಹಾಕಿ ತಡಕಾಡುತ್ತೇನೆ. ಗಾಜು ಸಿಕ್ಕರೆ ಬೆಳಕಿಗೆ ಹಿಡಿದು ಒಳಗೆ ಗುಳ್ಳೆ ಇದೆಯೇ ನೋಡುತ್ತೇನೆ, ಬೆರಳಾಡಿಸಿ ಅಚ್ಚಿನ ಗೆರೆ ಹುಡುಕುತ್ತೇನೆ, ಉಗುರಿನಿಂದ ತಟ್ಟಿ ದನಿ ಕೇಳುತ್ತೇನೆ. ಹಾಗೆ ತಂದದ್ದೆಲ್ಲ ನಡುಮನೆಯ ಕಪಾಟಿನಲ್ಲಿತ್ತು. ಅಣ್ಣನ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಅತ್ತಿಗೆಗೆ ಅಲ್ಲಿ ಹೊದಿಕೆ, ದಿಂಬು ಇಡಬೇಕಿತ್ತು. "ಗುಜರಿ ಸಾಮಾನಿಗೆ ಬೀಗ ಬೇರೆ ಕೇಡು," ಎಂದು ದಿನಾ ಚುಚ್ಚುತ್ತಿದ್ದರು. ನಾನು ಹಸಿರು ಹೂಜಿಯೊಂದನ್ನು ತಂದು, "ಇದು ನಮ್ಮಜ್ಜಿಗಿಂತ ಹಳೇದು," ಎಂದು ಮೆರೆದಾಗ ಅವರಿಗೆ ತಡೆಯಲಾಗಲಿಲ್ಲ.

"ತಿಳಿದವರನ್ನ ಕರೆಸು. ಹೌದು ಅಂದ್ರೆ ನಾನು ಇನ್ನು ತುಟಿ ಬಿಚ್ಚಲ್ಲ. ಅಲ್ಲ ಅಂದ್ರೆ ಕಪಾಟು ಖಾಲಿ ಮಾಡ್ಬೇಕು."

"ಆಗ್ಲಿ," ಎಂದುಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ನನಗೆ.

ಬಂದವರು ಹಳೇ ಗಾಜಿನ ವ್ಯಾಪಾರಿ. ಸದಾ ಕೈಯಲ್ಲಿರುವ ಮಸೂರದಿಂದಾಗಿ ಊರಿಗೆಲ್ಲ ಭೂತಗನ್ನಡಿ ಎಂದೇ ಪರಿಚಿತರು. ಹೂಜಿಯನ್ನು ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದರು.

"ತಳದಲ್ಲಿ ಗೀರು ಇದೆಯಲ್ಲ?" ಎಂದೆ, ತಡೆಯಲಾರದೆ.

"ಇದೆಯಮ್ಮ. ಆದ್ರೆ ಹತ್ತಾರು ವರ್ಷ ಮೇಜಿನ ಮೇಲೆ ಇಟ್ಟು ಎತ್ತಿದ್ರೆ ಗೀರು ದಿಕ್ಕಾಪಾಲಾಗಿ ಬೀಳುತ್ತೆ. ಇವೆಲ್ಲಾ ಒಂದೇ ಕಡೆಗಿವೆ ನೋಡಿ. ಯಾರೋ ಉಪ್ಪು ಕಾಗದದಲ್ಲಿ ಉಜ್ಜಿದ್ದಾರೆ. ಹೊಸ ಮಾಲು."

ನೋಡಿದೆ. ಅವರು ಹೇಳಿದ್ದು ನಿಜ. ಬಟ್ಟೆಯ ಎಳೆ ಯಾವ ಕಡೆಗಿದೆ ಎಂದು ನೋಡದೆ ಕತ್ತರಿ ಹಾಕದವಳು ನಾನು! ಗೀರು ಕಂಡ ಖುಷಿಯಲ್ಲಿ ಅದು ಯಾವ ಕಡೆಗಿದೆ ಎಂದು ನೋಡಿರಲೇ ಇಲ್ಲ. ಮುಖ ಉರಿಯಿತು. ಅತ್ತಿಗೆ ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ಭೂತಗನ್ನಡಿ ಕಪಾಟಿನತ್ತ ತಿರುಗಿದರು. "ಆ ನೀಲಿ ಬಟ್ಟಲುಗಳು ಮಾತ್ರ ಅಸಲಿ. ಒಳ್ಳೇ ಬೆಲೆ ಕೊಡ್ತೀನಿ."

ಅತ್ತಿಗೆಯ ನಗು ನಿಂತಿತು. ಅಣ್ಣ ಪೇಪರ್ ಕೆಳಗಿಟ್ಟ.

"ಕೊಡಲ್ಲ," ಎಂದೆ.

"ಹಾಗಿದ್ರೆ ಬಳಸ್ಬೇಡಿ. ಒಂದು ಚಕ್ಕೆ ಎದ್ರೂ ಬೆಲೆ ಹೋಯ್ತು," ಎಂದು ಅವರು ಚಪ್ಪಲಿ ಮೆಟ್ಟಿದರು.

ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾನು ಕಪಾಟಿನ ಬೀಗ ತೆಗೆದೆ. ಮಾತು ಕೊಟ್ಟಿದ್ದೆ, ಸೋತಿದ್ದೆ. ಒಂದೊಂದನ್ನೇ ತೊಳೆದು, ಒರೆಸಿ, ಅಡುಗೆಮನೆಯ ತಟ್ಟೆಗಳ ಪಕ್ಕ ಜೋಡಿಸಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಾರು ನೀಲಿ ಬಟ್ಟಲಲ್ಲಿತ್ತು.

"ಇದೇನೇ ಅವತಾರ?" ಎಂದರು ಅತ್ತಿಗೆ.

"ಕಪಾಟು ಖಾಲಿ ಮಾಡು ಅಂದ್ರಿ, ಮಾಡಿದೆ. ಮನೆ ಖಾಲಿ ಮಾಡು ಅಂತ ಯಾರೂ ಹೇಳ್ಲಿಲ್ಲವಲ್ಲ."

ಅಣ್ಣ ತಲೆ ತಗ್ಗಿಸಿ ಸಾರು ಸುರಿದುಕೊಂಡ. ನಗು ಬಂದಿತ್ತೋ ಏನೋ, ಕೆಮ್ಮಿದ.

ನಾನು ಹಸಿರು ಹೂಜಿಯಿಂದ ಅತ್ತಿಗೆಯ ಲೋಟಕ್ಕೆ ನೀರು ಬಗ್ಗಿಸಿ, ಹೂಜಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಮೆಲ್ಲಗೆ ಇಡೇ, ತಳಕ್ಕೆ ಗೀರು ಬೀಳುತ್ತೆ!"

"ಬೀಳ್ಲಿ ಬಿಡಿ ಅತ್ತಿಗೆ," ಎಂದೆ. "ಇನ್ಮೇಲೆ ಬೀಳೋವೆಲ್ಲಾ ಅಸಲಿ."