ಇನ್ನೂ ಊರಿಲ್ಲ

ಅಮೋಘ ಮತ್ತೆ ನಗಿಸಿಬಿಟ್ಟ.

ಏನು ಹೇಳಿ ನಗಿಸಿದನೋ ವಿನಾಯಕನ ತಲೆಗೆ ಹತ್ತಲಿಲ್ಲ. ಎದುರು ಸೀಟಿನಲ್ಲಿ ಅವರ ತರಬೇತಿಯ ಹೆಂಗಸರು ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು ನಗುತ್ತಿದ್ದರು. ಅವರಲ್ಲೊಬ್ಬಳು, ಲಕ್ಷ್ಮೀಕಾಂತಮ್ಮ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ವಿನಾಯಕನೂ ನಕ್ಕ. ಕೊಂಚ ತಡವಾಗಿ ನಕ್ಕ. ತಡವಾದದ್ದನ್ನು ಅವಳು ಗಮನಿಸಿದಳು ಅನ್ನಿಸಿ ಕಿಟಕಿಯ ಕಡೆ ತಿರುಗಿದ.

ಕಿಟಕಿಯಲ್ಲಿ ತುನಿ ಸ್ಟೇಷನ್ನು ಹಿಂದೆ ಸರಿಯುತ್ತಿತ್ತು. ವಿಶಾಖಪಟ್ಟಣದಲ್ಲಿ ರೈಲು ಹತ್ತಿದಾಗಿನಿಂದ ಇದೇ ಆಗಿತ್ತು. ಅಮೋಘ ಹೇಳುವುದು, ಅವರು ನಗುವುದು.

ಸೀಟುಗಳ ನಡುವೆ, ಕಾಲ ಬುಡದಲ್ಲಿ, ಎರಡು ಭರಣಿಗಳಿದ್ದವು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಕೆಂಪು ದಾರದ್ದು ಅಮೋಘನ ತಂಡದ್ದು, ಹಸಿರು ದಾರದ್ದು ವಿನಾಯಕನ ತಂಡದ್ದು. ಒಳಗೆ ನಿನ್ನೆ ಪೆಂಡುರ್ತಿಯ ತರಬೇತಿ ಕೇಂದ್ರದಲ್ಲಿ ಕಲಸಿದ ಆವಕಾಯ, ಆಂಧ್ರದ ಮಾವಿನ ಉಪ್ಪಿನಕಾಯಿ. ಅದೇ ಮಾವು, ಅದೇ ಸಾಸಿವೆಪುಡಿ, ಅದೇ ಎಳ್ಳೆಣ್ಣೆ. ವಿನಾಯಕನ ತಂಡ ಗ್ಲೌಸು ಹಾಕಿ, ಉದ್ದ ಸೌಟಿನಲ್ಲಿ ಕಲಸಿತ್ತು. ಅಮೋಘನ ತಂಡ ಕೈ ತೊಳೆದು, ಒರೆಸಿ, ಫ್ಯಾನಿನಡಿ ಹಿಡಿದು ಒಣಗಿಸಿ, ಆ ಬರಿಗೈಯಲ್ಲೇ ಕಲಸಿತ್ತು.

ಇಬ್ಬರೂ ಒಪ್ಪುತ್ತಿದ್ದ ನಿಯಮ ಒಂದೇ. ನೀರು ತಾಗಬಾರದು. ಒದ್ದೆ ಕೈ ಬಿತ್ತೋ, ಭರಣಿ ಹೋಯಿತು. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ಬಟ್ಟೆ ಬಿಚ್ಚಿದರೆ ಬೂಷ್ಟು.

ವಿಜಯವಾಡದಲ್ಲಿ, ಆಟೋನಗರ್ ಹತ್ತಿರ, ಅವರ ಸಂಸ್ಥೆ ಹೊಸದೊಂದು ಕೇಂದ್ರ ತೆರೆಯುತ್ತಿತ್ತು. ಉಪ್ಪಿನಕಾಯಿ, ಹಣ್ಣಿನ ತಿರುಳು, ಸೀಗಡಿ ಪ್ಯಾಕಿಂಗು, ಎಲ್ಲದರ ತರಬೇತಿ; ಮುಗಿಸಿದವರಿಗೆ ಕಾರ್ಖಾನೆಗಳಲ್ಲಿ ಕೆಲಸ. ಅದಕ್ಕೊಬ್ಬ ಮುಖ್ಯಸ್ಥ ಬೇಕಾಗಿತ್ತು. ವಿನಾಯಕ ಅಥವಾ ಅಮೋಘ. ಇವತ್ತು ಇಬ್ಬರೂ ಒಂದೊಂದು ಪಾಠ ಮಾಡಬೇಕು, ಭರಣಿ ತೋರಿಸಬೇಕು. ಕಲಿತವರನ್ನೂ ಕರೆದು ಮಾತಾಡಿಸುತ್ತಾರಂತೆ. ಸಂಜೆಯೊಳಗೆ ತೀರ್ಮಾನ.

ವಿನಾಯಕ ತಿಪಟೂರಿನವನು, ಮೈಸೂರಲ್ಲಿ ಆಹಾರ ತಂತ್ರಜ್ಞಾನ ಓದಿದವನು. ಮೊದಲ ದಿನವೇ ತರಗತಿಯಲ್ಲಿ ಎಲ್ಲರಿಗೂ ಗ್ಲೌಸು ಹಂಚಿದ್ದ. ಹೆಂಗಸರು ಅವನಿಗಿಟ್ಟ ಹೆಸರು ಗ್ಲೌಸು ಸಾರು. ಸಿರುಗುಪ್ಪದ ಅಮೋಘ ಅವನ ನಂತರ ಬಂದವನು, ಬರೀ ಬಿ.ಎಸ್ಸಿ. ಆದರೆ ತೆಲುಗು ಅವನಿಗೆ ಬೀದಿಯಲ್ಲೇ ಬಂದಿತ್ತು. ಅಡ್ಡಹೆಸರು ಅವನಿಗೆ ಯಾರೂ ಇಡಲಿಲ್ಲ. ಅಮೋಘ ಸಾರು ಎಂದೇ ಕರೆದರು, ಬಾಯಿ ತುಂಬ.

ಫೋನು ಬಂತು. ಹರಿಣಿ, ಹೆಂಡತಿ.

"ರಾಜಮಂಡ್ರಿ ಬಂತಾ?"

"ಇನ್ನೂ ಇಲ್ಲ."

"ಇಡ್ಲಿ ತಿಂದ್ರಾ?"

"ತಿಂತೀನಿ."

"ಅಮೋಘನಿಗೂ ಕೊಡಿ. ಅವನಿಗೆ ಅಂತ್ಲೇ ಚಟ್ನಿ ಬೇರೆ ಹಾಕಿದೀನಿ, ಖಾರದ್ದು."

ಆ ಸಣ್ಣ ಡಬ್ಬಿಯನ್ನು ವಿನಾಯಕ ಬೆಳಿಗ್ಗೆಯೇ ನೋಡಿದ್ದ. ತನಗಿರಬೇಕು ಅಂದುಕೊಂಡಿದ್ದ.

ಮಗಳು ಸಹನಾ ಫೋನು ಕಸಿದುಕೊಂಡಳು. ಕನ್ನಡ ಅವಳಲ್ಲಿ ಊಟಕ್ಕೆ, ಸ್ನಾನಕ್ಕೆ, ಅಜ್ಜಿಗೆ ಅಂತ ಅಷ್ಟಿಷ್ಟು ಉಳಿದಿತ್ತು. "ನಾನ್ನಾ, ಅಮೋಘ್ ಅಂಕುಲ್ ಉನ್ನಾರಾ? ಇವ್ವು ನಾನ್ನಾ, ಇವ್ವು." ಅಂಕಲ್ ಇದ್ದಾರಾ, ಅವರಿಗೆ ಕೊಡು ಅಪ್ಪಾ ಅಂತ.

ಕೊಟ್ಟ. ಅಮೋಘ ಅಷ್ಟು ದೂರದ ಮಗುವನ್ನೂ ನಗಿಸಿದ. ನಗು ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ತನ್ನ ಜೊತೆ ಅವಳು ಕಡೆಯ ಸಲ ಹೀಗೆ ನಕ್ಕಿದ್ದು ಯಾವಾಗ ಎಂದು ವಿನಾಯಕ ನೆನಪು ಮಾಡಿಕೊಳ್ಳಲು ಹೋಗಲಿಲ್ಲ. ಇಡ್ಲಿ ಡಬ್ಬಿ ಬಿಚ್ಚಿದ. ಖಾರದ ಚಟ್ನಿಯನ್ನೂ ಕೊಟ್ಟ.

"ಮೇಡಂ ಕೈಯಂದ್ರ ಕೈ ನೋಡ್ರಿ ಸಾರ್," ಅಮೋಘ ಚಪ್ಪರಿಸಿದ. "ಯಾಕ ಸುಮ್ನ ಕುಂತೀರಿ? ಟೆನ್ಷನ್ನಾ?"

"ಏನಿಲ್ಲ."

"ಈ ಪೋಸ್ಟು ನಿಮ್ದೇ ರೀ. ನಾ ಜೊತೀಗಂತ ಬಂದೀನಿ, ಅಷ್ಟ."

ಹೀಗೆ ಹೇಳುವವರಿಗೇ ಪೋಸ್ಟು ಸಿಗುತ್ತದೆ ಎಂದು ವಿನಾಯಕನಿಗೆ ಗೊತ್ತಿತ್ತು.

"ಇವರ ಪಾಲಿಗೆ ನಾನು ಹೊರಗಿನವನು ಅಮೋಘ. ಕೇಳಿದ್ರೆ ನಿನ್ನ ಹೆಸರನ್ನೇ ಹೇಳ್ತಾರೆ."

"ಹೊರಗಿನವ್ರು ಅಂತ ಯಾರಂದ್ರು?"

ವಿನಾಯಕ ದನಿ ತಗ್ಗಿಸಿದ. ಈ ಮಾತನ್ನು ಹರಿಣಿಯ ಹತ್ತಿರವೂ ಆಡಿರಲಿಲ್ಲ. "ಲಕ್ಷ್ಮೀಕಾಂತಮ್ಮ. ನಾನು ಬಂದ ಹೊಸತರಲ್ಲಿ. ಬಾಗಿಲ ಹತ್ತಿರ ಇದ್ದೆ, ನೋಡಲಿಲ್ಲ ಅವರು. ಸಾರಿಗೆ ಇನ್ನೂ ಊರಿಲ್ಲ ಅಂದ್ಲು. ಎಲ್ಲಾ ನಕ್ರು."

"ತೆಲುಗಿನಾಗ ಹೆಂಗಂದ್ಲು?"

"ಇಂಕಾ ಊರಲೇದು ಅಂತ."

ಅಮೋಘ ಇಡ್ಲಿ ನುಂಗುವುದನ್ನು ಮರೆತು ನೋಡಿದ. ಆಮೇಲೆ ಕೆಮ್ಮಿದ. ಕೆಮ್ಮಿನ ಒಳಗಿನಿಂದ ನಗು ಬಂತು.

"ಸಾರ್! ಊರು ಲೇದು ಅಲ್ರೀ! ಊರಲೇದು! ಉಪ್ಪು ಖಾರದಾಗ ಕಾಯಿ ನೆನೀತದಲ್ರೀ, ಅದಕ್ಕ ಊರೋದು ಅಂತಾರ. ಉಪ್ಪಿನಕಾಯಿಗೆ ಊರಗಾಯಿ ಅಂತ ನೀವ ದಿನಾ ಪಾಠ ಮಾಡ್ತೀರಿ! ಸಾರು ಇನ್ನೂ ನೆಂದಿಲ್ಲ, ಕಾಯಿ ಗಟ್ಟಿ ಐತಿ ಅಂದಾಳ, ಅಷ್ಟ!"

ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದುರು ಸೀಟಿಗೆ ಬಾಗಿ ಅವರಿಗೂ ಹೇಳಿದ.

ಬೋಗಿಯೇ ತಿರುಗಿ ನೋಡುವ ಹಾಗೆ ನಕ್ಕರು. "ಅಯ್ಯೋ ಸಾರೂ!" ಲಕ್ಷ್ಮೀಕಾಂತಮ್ಮ ಕೈ ಬಾಯಿಗಿಟ್ಟುಕೊಂಡಳು. ಆಮೇಲೆ ತಡೆಯಲಾರದೆ, ಭರಣಿಗೂ ವಿನಾಯಕನಿಗೂ ಸೇರಿಸಿ ಒಂದೇ ಬೆರಳಾಡಿಸಿ ಅಂದಳು: "ಇಪ್ಪಟಿಕೀ ಊರಲೇದು!"

ಈಗಲೂ ಇಲ್ಲ. ಅದು ಅವನಿಗೆ ತಕ್ಷಣ ಅರ್ಥವಾಯಿತು.

ಊರಿಲ್ಲದವನು ಎಂಬ ಆ ಮಾತನ್ನು ಅವನು ಇಷ್ಟು ದಿನ ಎದೆಯಲ್ಲಿಟ್ಟು ಕಾಪಾಡಿಕೊಂಡಿದ್ದ. ಅದರಲ್ಲೊಂದು ಘನತೆಯಿತ್ತು. ಒಬ್ಬನೇ ಊಟ ಮಾಡುವಾಗ, ಸ್ಟಾಫ್ ರೂಮಿನಲ್ಲಿ ಮಾತು ನಿಂತುಹೋದಾಗ, ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದ. ಈಗ ಅದೂ ಉಪ್ಪಿನಕಾಯಿಯ ಮಾತಾಗಿಹೋಯಿತು. ಕಿತ್ತುಕೊಂಡವನು ಅಮೋಘ.

ವಿನಾಯಕ ಎದ್ದು ಕೈ ತೊಳೆಯಲು ಹೋದ.

ಬೇಸಿನ್ನಿನ ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಕೈ ತೊಳೆಯುತ್ತಿದ್ದ ಹಾಗೆ ರೈಲಿನ ಸದ್ದು ಬದಲಾಯಿತು. ರಾಜಮಂಡ್ರಿ ದಾಟಿ ಗೋದಾವರಿ ಸೇತುವೆ. "ಗೋದಾರಿ! ಗೋದಾರಿ!" ಎಂದು ಯಾರೋ ಕೂಗಿದರು. ಅವನು ತಿರುಗಿ ಬರುವಷ್ಟರಲ್ಲಿ ಸೀಟುಗಳು ಖಾಲಿಯಾಗಿದ್ದವು. ಹೆಂಗಸರೆಲ್ಲ ಆ ಬದಿಯ ಕಿಟಕಿಗಳಿಗೆ ಮುಖ ಕೊಟ್ಟು ಕೈಮುಗಿದು ನಿಂತಿದ್ದರು. ಅಮೋಘ ಬಾಗಿಲಲ್ಲಿದ್ದ, ನದಿಗೆ ನಾಣ್ಯ ಎಸೆಯಲು. ಎಲ್ಲರ ಬೆನ್ನೂ ಇವನ ಕಡೆಗಿತ್ತು.

ಜೇಬಿನಲ್ಲಿ ಕರ್ಚೀಫು ಇತ್ತು. ಅವನು ತೆಗೆಯಲಿಲ್ಲ.

ಕೂತ. ಬಗ್ಗಿದ. ಕೆಂಪು ದಾರದ ಗಂಟು ಸಲೀಸಾಗಿ ಬಿಚ್ಚಿತು. ಮಣಿಕಟ್ಟಿನವರೆಗೂ ಕೈ ಇಳಿಸಿದ. ಎಣ್ಣೆ ತಣ್ಣಗಿತ್ತು. ಹೋಳುಗಳು ಬೆರಳಿಗೆ ಗಟ್ಟಿಯಾಗಿ ಸಿಕ್ಕಿದವು. ಇನ್ನೂ ಊರಿಲ್ಲ ಅಂದುಕೊಂಡ. ಆ ಮಾತನ್ನು ಸರಿಯಾಗಿ ಬಳಸಿದ್ದು ಅದೇ ಮೊದಲು.

ಈಗ ಕರ್ಚೀಫು ತೆಗೆದು ಕೈ ಒರೆಸಿಕೊಂಡ. ದಾರ ಕಟ್ಟಿದ. ಸೇತುವೆ ಇನ್ನೂ ಮುಗಿದಿರಲಿಲ್ಲ.

ಲಕ್ಷ್ಮೀಕಾಂತಮ್ಮ ಮೊದಲು ಬಂದಳು. ಕೂರುವ ಮುಂಚೆ ಕೆಂಪು ದಾರದ ಭರಣಿಯನ್ನು ಕಾಲಿನಿಂದ ಸ್ವಲ್ಪ ತನ್ನ ಕಡೆ ಸರಿಸಿಕೊಂಡಳು.

"ಗೋದಾರಮ್ಮನಿ ಚೂಡಲೇದಾ ಸಾರೂ?"

"ನೋಡಿದೆ," ಅಂದ ವಿನಾಯಕ, ಕನ್ನಡದಲ್ಲಿ.

*

ವಿಜಯವಾಡದ ಬಿಸಿಲಿಗೆ ಆಟೋನಗರ್ ಕಾದು ಕೂತಿತ್ತು. ಬಿಚ್ಚಿ ಹಾಕಿದ ಲಾರಿಗಳ ನಡುವಿನ ರಸ್ತೆ. ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದು ಹೊಸ ಕೇಂದ್ರದ ಒಳಗೂ ಬರುತ್ತಿತ್ತು. ಉದ್ದನೆಯ ಹಾಲು, ಇನ್ನೂ ಪ್ಲಾಸ್ಟಿಕ್ ಹಾಳೆ ಕೀಳದ ಸ್ಟೀಲು ಟೇಬಲ್ಲುಗಳು. ಮೂಲೆಯ ಕೋಣೆಯ ಬಾಗಿಲಿಗೆ ಹೆಸರಿನ ಫಲಕ ಹಾಕಿದ್ದರು. ಅದರಲ್ಲಿ ಹೆಸರಿರಲಿಲ್ಲ.

ಮೊದಲ ಪಾಠ ಅಮೋಘನದು. ಹತ್ತು ನಿಮಿಷವಾಗುವ ಮೊದಲೇ ಸಂದರ್ಶನ ಮಾಡಲು ಕೂತವರೂ ನಕ್ಕಿದ್ದರು. ನಿರ್ದೇಶಕಿ ಸೂರ್ಯಕಾಂತಮ್ಮ ಕೆಂಪು ದಾರ ಬಿಚ್ಚಿಸಿ, ಹೋಳೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿದರು. ದಾರ ಬಿಚ್ಚಿದ್ದು ಲಕ್ಷ್ಮೀಕಾಂತಮ್ಮ. ಗಂಟಿನ ಮೇಲೆ ಅವಳ ಕೈ ಒಂದು ಕ್ಷಣ ನಿಂತ ಹಾಗಿತ್ತು. ನಿಲ್ಲಲಿಲ್ಲವೋ ಏನೋ.

ವಿನಾಯಕನ ಬಲಗೈ ಉರಿಯುತ್ತಿತ್ತು. ಭರಣಿಯ ಗುಂಟೂರು ಮೆಣಸಿನಪುಡಿ. ಉಗುರಿನ ಸಂದಿಯಲ್ಲಿ ಕೆಂಪು ಕೂತಿತ್ತು. ಅವನ ಸರದಿ ಬಂದಾಗ ಎಂದಿನಂತೆ ಗ್ಲೌಸು ಹಾಕಿಕೊಂಡ. ಒಳಗೆ ಉರಿ ಇಮ್ಮಡಿಯಾಯಿತು.

ಅವನ ವಿಷಯ ನೀರು.

"ಒಂದು ಹನಿ ಸಾಕು," ಅಂದ. ಇಂಗ್ಲಿಷಿನಲ್ಲೇ ಶುರುಮಾಡಿದ್ದ, ಆದರೆ ಇವತ್ತು ತೆಲುಗು ತಾನಾಗಿ ಬಂತು, ತಪ್ಪುತಪ್ಪಾಗಿ, ಬಿಸಿಯಾಗಿ. ಹನಿ ಹೇಗೆ ಎಣ್ಣೆಯ ಕೆಳಗೆ ಇಳಿದು ಅಡಗಿ ಕೂರುತ್ತದೆ, ಮೇಲೆ ಎಲ್ಲವೂ ಹೇಗೆ ಹಸನಾಗಿ ಕಾಣುತ್ತದೆ, ಯಾರ ಮೇಲೂ ಅನುಮಾನ ಬರದ ಹಾಗೆ ಹೇಗೆ ಒಳಗಿನಿಂದ ಕೆಡುತ್ತಾ ಬರುತ್ತದೆ. ಇಷ್ಟು ಚೆನ್ನಾಗಿ ಅವನು ಎಂದೂ ಪಾಠ ಮಾಡಿರಲಿಲ್ಲ. ಯಾರೂ ನಗಲಿಲ್ಲ.

"ಎಕ್ಸಲೆಂಟ್," ಅಂದರು ಸೂರ್ಯಕಾಂತಮ್ಮ. "ಹೈಜೀನ್ ಅಂದ್ರೆ ಇದು. ಆ ಗ್ಲೌಸು ನೋಡಿ."

ಆಮೇಲೆ ಹೆಂಗಸರನ್ನು ಕೋಣೆಗೆ ಕರೆದರು. ಬಾಗಿಲು ಮುಚ್ಚಿತು. ಅಮೋಘ ಹೊರಗೆ ಲಾರಿಗೆ ಬಣ್ಣ ಬಳಿಯುವವನ ಜೊತೆ ಮಾತಿಗೆ ನಿಂತ. ವಿನಾಯಕ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ನಿಂತ. ನೀರು ಬಿದ್ದಷ್ಟೂ ಉರಿ ಹೆಚ್ಚುತ್ತಿತ್ತು.

"ವಿನಾಯಕ್ ಗಾರೂ!" ಸೂರ್ಯಕಾಂತಮ್ಮ ತಾವೇ ಹುಡುಕಿಕೊಂಡು ಬಂದರು. "ಕಂಗ್ರಾಟ್ಸ್. ಪಾಠದಲ್ಲಿ ನಮಗೆ ಇಬ್ಬರೂ ಸಮ. ಆದರೆ ನಿಮ್ಮವರು ಎಲ್ಲರೂ ನಿಮ್ಮ ಹೆಸರೇ ಹೇಳಿದರು. ಒಬ್ಬರೂ ಬೇರೆ ಹೇಳಲಿಲ್ಲ. ನಾಳೆ ಬೆಳಿಗ್ಗೆ ಮೆಷೀನು ಬರ್ತಾವೆ, ಇವತ್ತೇ ಉಳಿದುಬಿಡಿ. ಮೇಲೆ ರೂಮಿದೆ."

ಎಲ್ಲರೂ. ವಿನಾಯಕ ನಲ್ಲಿ ನಿಲ್ಲಿಸಿದ. ಪರವಾಡದ ಕಂಪನಿ ಬಸ್ಸಿಗೆ ಗಂಡನನ್ನು ಹತ್ತಿಸಿ ತರಗತಿಗೆ ಓಡಿ ಬರುತ್ತಿದ್ದ ಲಕ್ಷ್ಮೀಕಾಂತಮ್ಮ. ಗ್ಲೌಸಿನಲ್ಲಿ ಬೆವರುತ್ತಿದ್ದ ಅವರೆಲ್ಲರ ಕೈಗಳು. ತಾನು ಏನೂ ಕಂಡಿರಲಿಲ್ಲ. ಭರಣಿಯ ನೆನಪಾಯಿತು. ಅದನ್ನು ಹೇಗಾದರೂ ಕೈತಪ್ಪಿ ಬೀಳಿಸಬೇಕು, ಒಡೆಯಬೇಕು, ಇನ್ಯಾರೂ ತಿನ್ನುವ ಮುಂಚೆ. ಹಾಲಿಗೆ ಓಡುವ ಹಾಗೆ ನಡೆದ.

ಹೆಂಗಸರು ಚೀಲ ಜೋಡಿಸಿಕೊಳ್ಳುತ್ತಿದ್ದರು.

"ಲಕ್ಷ್ಮೀಕಾಂತಮ್ಮಗಾರೂ, ಥ್ಯಾಂಕ್ಸ್," ಅಂದ. "ನೀವೆಲ್ಲ ನನ್ನ ಹೆಸರು ಹೇಳಿದಿರಂತೆ. ನಾನು ಅಂದುಕೊಂಡಿರಲಿಲ್ಲ."

"ಮರೇಮ್ ಚೇಸ್ತಾಂ ಸಾರೂ," ಅವಳು ಸಲೀಸಾಗಿ ಅಂದಳು, ಮತ್ತೇನು ಮಾಡೋಣ ಎನ್ನುವ ಹಾಗೆ. "ಅಮೋಘ ಸಾರು ಮಾಕು ಕಾವಾಲಿ ಕದಾ, ನಮಗೆ ಬೇಕಲ್ಲ. ಅವರು ಇಲ್ಲಿಗೆ ಬಂದುಬಿಟ್ಟರೆ ಅಲ್ಲಿ ನಮಗೆ ಯಾರು?"

ಬೇರೆಯವರು ತಲೆಯಾಡಿಸಿದರು. ಒಬ್ಬಳು ಅವಳನ್ನು ಮೊಣಕೈಯಲ್ಲಿ ತಿವಿದಳು. ಲಕ್ಷ್ಮೀಕಾಂತಮ್ಮನಿಗೆ ತಿವಿಯುವಂಥದ್ದೇನು ಎಂದು ತಿಳಿಯಲಿಲ್ಲ. ನಗುನಗುತ್ತಲೇ ಇದ್ದಳು.

ವಿನಾಯಕನೂ ನಕ್ಕ. ಈ ಸಲ ತಡವಾಗಲಿಲ್ಲ.

ಅಮೋಘ ಒಳಗೆ ಬಂದವನೇ ಅವನನ್ನು ತಬ್ಬಿಕೊಂಡ. "ನಾ ಹೇಳಿದ್ನಿಲ್ರೀ ಸಾರ್! ಮೊದ್ಲು ಮೇಡಮ್ಮಿಗೆ ಫೋನ್ ಮಾಡಿ ಹೇಳ್ರಿ. ಹಸಿರು ದಾರದ್ದು ಡೈರೆಕ್ಟರ್ ಇಟ್ಕೊಂತಾರಂತ. ನಮ್ದು ನೀವು ಇಟ್ಕೊಳ್ರಿ."

ಕೆಂಪು ದಾರದ ಭರಣಿಯನ್ನು ಲಕ್ಷ್ಮೀಕಾಂತಮ್ಮ ಎರಡೂ ಕೈಯಲ್ಲಿ ಎತ್ತಿ, ಮದುವೆಯ ಬಾಗಿನ ಕೊಡುವವಳಂತೆ ಅವನ ತೋಳಿಗಿಟ್ಟಳು.

"ಬೇಡ," ಅಂದ ವಿನಾಯಕ. "ನೀವೇ ತಗೊಂಡು ಹೋಗಿ."

"ಅಲಾ ಅನಕಂಡಿ. ಮೀ ಚೆಯ್ಯಿ ಕೂಡಾ ಪಡಿಂದಿ ಕದಾ ಸಾರೂ ದೀಂಟ್ಲೋ."

ಹಾಗನ್ನಬೇಡಿ, ನಿಮ್ಮ ಕೈಯೂ ಬಿದ್ದಿದೆಯಲ್ಲ ಇದರಲ್ಲಿ. ಕಲಿಸಿದವರಿಗೆ ಹಾಗೆ ಅನ್ನುವುದು ಅವರ ಮರ್ಯಾದೆ, ತಮ್ಮ ಕೆಲಸದಲ್ಲಿ ಗುರುವಿಗೂ ಪಾಲಿದೆ ಅಂತ. ಇಷ್ಟು ತೆಲುಗು ಅವನಿಗೆ ಬರುತ್ತಿತ್ತು. ಆದರೂ ಅವಳ ಮುಖ ನೋಡಿದ. ಮುಖ ಬರೀ ಪ್ರೀತಿಯಿಂದಿತ್ತು, ಅಥವಾ ಅವನಿಗೆ ಓದಲು ಬರಲಿಲ್ಲ.

ಗೇಟಿನ ಹತ್ತಿರ ಆಟೋಗಳು ಬಂದವು. ಎಲ್ಲರೂ ಒತ್ತಿಕೊಂಡು ಕೂತರು. ಅಮೋಘ ಡ್ರೈವರಿನ ಪಕ್ಕ ಅರ್ಧ ಹೊರಗೆ. "ಮೂರು ದಿನ ತೆಗೀಬೇಡಿ ಸಾರೂ," ಒಳಗಿನಿಂದ ಲಕ್ಷ್ಮೀಕಾಂತಮ್ಮ ಕೂಗಿದಳು. "ಊರಲಿ!" ಅಮೋಘ ಏನೋ ಸೇರಿಸಿದ. ಆಟೋ ತಿರುಗುವವರೆಗೂ ನಗು ಕೇಳಿಸಿತು. ವಿನಾಯಕ ಕೈ ಬೀಸಲಿಲ್ಲ. ಎರಡೂ ಕೈಯಲ್ಲಿ ಭರಣಿಯಿತ್ತು.

ಸೂರ್ಯಕಾಂತಮ್ಮನ ಕಾರೂ ಹೋಯಿತು. ಸುತ್ತಿಗೆಗಳು ಒಂದೊಂದಾಗಿ ನಿಂತವು.

ಫೋನು ಬಂತು. "ಏನಾಯ್ತು?" ಹರಿಣಿ.

"ಆಯ್ತು. ನನಗೇ."

"ಅಯ್ಯೋ, ಒಳ್ಳೇದಾಯ್ತು. ಹಾಗಾದ್ರೆ ಅಮೋಘ ಅಲ್ಲಿಗೆ ಬರಲ್ಲ, ಅಲ್ವಾ?"

"ಇಲ್ಲ. ಅಲ್ಲೇ ಇರ್ತಾನೆ."

"ಸಹನಾ ಸ್ಕೂಲು ಈ ವರ್ಷ ಇಲ್ಲೇ ಮುಗೀಲಿ, ಆಮೇಲೆ ನೋಡೋಣ. ಏನಂತೀರಿ?"

ಅವನು ಫೋನು ಜೇಬಿಗಿಟ್ಟ.

ಹಾಲಿನ ನಡುವಿನ ಟೇಬಲ್ಲಿನ ಮೇಲೆ ಭರಣಿ ಇಟ್ಟ. ಅದರ ಮುಂದೆ ಕಲಿಯುವವರ ಸ್ಟೂಲು ಎಳೆದುಕೊಂಡು ಕೂತ. ಉರಿ ಮೊಣಕೈಗೆ ಏರಿತ್ತು. ಜೇಬಿನಿಂದ ಗ್ಲೌಸು ತೆಗೆದು, ಬೆರಳು ಬೆರಳು ಸರಿಮಾಡಿ, ಎರಡೂ ಕೈಗೆ ಹಾಕಿಕೊಂಡ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ, ಯಾರೋ ಬಂದು ಪಾಠ ಶುರುಮಾಡಬೇಕು ಎನ್ನುವ ಹಾಗೆ.

ಭರಣಿಯ ಬಾಯಿಯ ಬಿಳಿ ಬಟ್ಟೆಯ ಮೇಲೆ ಎಣ್ಣೆಯ ಚುಕ್ಕೆಯೊಂದು ಮೂಡಿತ್ತು. ಅವನು ನೋಡುತ್ತಿದ್ದ ಹಾಗೇ ಅದು ಅಗಲವಾಗುತ್ತಿತ್ತು.